ಒಕ್ಕಲು ಮನೆಯೇ ವಸ್ತುಸಂಗ್ರಹಾಲಯ: ಅಟ್ಟದ ಮೇಲಿನ ಕೂರಿಗೆ ಉಳಿಸುವ ಬಗೆ



ಟ್ರ್ಯಾಕ್ಟರು ಬಂದ ಮೇಲೆ ಕೂರಿಗೆ ಅಟ್ಟ ಸೇರಿತು. ಗಿರಣಿ ಬಂದ ಮೇಲೆ ಬೀಸುವ ಕಲ್ಲು ಹಿತ್ತಲ ಸೇರಿತು. ಒಕ್ಕುವ ಯಂತ್ರ ಬಂದ ಮೇಲೆ ಕಣವೇ ಇಲ್ಲವಾಗಿ ರೋಣಗಲ್ಲು ಊರ ಹೊರಗೆ ಮಣ್ಣಲ್ಲಿ ಅರ್ಧ ಹೂತು ಬಿದ್ದಿದೆ. ಇದರಲ್ಲಿ ದುಃಖಪಡುವಂಥದ್ದೇನೂ ಇಲ್ಲ. ಶ್ರಮ ಕಡಿಮೆಯಾಗುವುದು ಒಳ್ಳೆಯದೇ. ಆದರೆ ಅಟ್ಟದಿಂದ ಮುಂದೆ ಈ ಸಾಮಾನುಗಳು ಹೋಗುವ ದಾರಿ ಎರಡೇ. ಒಂದು ನೀರೊಲೆ, ಇನ್ನೊಂದು ಹಳೆಯ ಸಾಮಾನಿನ ವ್ಯಾಪಾರಿಯ ಟೆಂಪೋ. ಮೂರನೆಯ ದಾರಿಯೊಂದನ್ನು ಮಳೆಯೇ ತೋರಿಸಿತು. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಸಾವಿರಾರು ಮಣ್ಣಿನ ಮನೆಗಳು ಕುಸಿದವು. ಗೋಡೆಯ ಜೊತೆಗೆ ಅಟ್ಟವೂ ಹೋಯಿತು, ಅಟ್ಟದ ಮೇಲಿದ್ದುದೂ ಹೋಯಿತು. ಹೊಸ ಮನೆಗೆ ಪರಿಹಾರ ಕೊಡಬಹುದು, ಮುತ್ತಜ್ಜನ ಕಾಲದ ಮೂರು ತಾಳಿನ ಕೂರಿಗೆಗೆ ಪರಿಹಾರದ ಪಟ್ಟಿಯಲ್ಲಿ ಹೆಸರೇ ಇಲ್ಲ.

ಪಾರಿಶ್ವಾಡ ಮತ್ತು ಅದರ ಸುತ್ತಲಿನ ಖಾನಾಪುರ ತಾಲ್ಲೂಕಿನ ಹಳ್ಳಿಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಈ ಲೇಖನ ಬರೆಯಲಾಗಿದೆ. ಒಂದು ಹಳ್ಳಿ ತನ್ನ ಹಳೆಯ ಒಕ್ಕಲುತನವನ್ನು ಒಂದು ಮನೆಯಲ್ಲಿ ಉಳಿಸಿಕೊಳ್ಳುವುದು ಹೇಗೆ, ಬೇರೆ ಕಡೆ ಇದನ್ನು ಹೇಗೆ ಮಾಡಿದ್ದಾರೆ, ಅದರಲ್ಲಿ ಬೇಸಾಯಗಾರನಿಗೆ ಸಿಗುವುದೇನು ಎಂಬುದು ವಿಷಯ.

ಬೇರೆ ದೇಶಗಳಲ್ಲಿ

ಮನೆಯನ್ನೇ ವಸ್ತುಸಂಗ್ರಹಾಲಯ ಮಾಡುವ ವಿಚಾರ ಮೊದಲು ದೊಡ್ಡ ರೀತಿಯಲ್ಲಿ ನಡೆದದ್ದು ಸ್ವೀಡನ್ ದೇಶದಲ್ಲಿ. ಆರ್ತುರ್ ಹಾಜೆಲಿಯುಸ್ ಎಂಬವರು 1891ರಲ್ಲಿ ಸ್ಟಾಕ್‌ಹೋಂ ನಗರದಲ್ಲಿ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯ ತೆರೆದರು. ಕಾರಖಾನೆಗಳು ಹೆಚ್ಚಿ ಹಳ್ಳಿಗಳು ಬದಲಾಗುತ್ತಿದ್ದ ಕಾಲ ಅದು. ಅವರು ರೈತರ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿಸಿದರು.

ಉಕ್ರೇನ್ ದೇಶದವರು ಈ ಕೆಲಸವನ್ನು ಬಹಳ ಅಕ್ಕರೆಯಿಂದ ಮಾಡಿದ್ದಾರೆ. ನಮ್ಮ ಧಾರವಾಡ, ನವಲಗುಂದದ ಕಡೆಯಂತೆ ಅದೂ ಕರಿಮಣ್ಣಿನ ನಾಡು. ಆದರೆ ಆ ಮಣ್ಣು ಬೇರೆ. ಹುಲ್ಲುಗಾವಲಿನ ಕೊಳೆತ ಬೇರುಗಳಿಂದ ಸಾವಯವ ಅಂಶ ತುಂಬಿ ಅದು ಕಪ್ಪಾಗಿದೆ. ನಮ್ಮ ಎರೆಮಣ್ಣು ಕಪ್ಪಾಗಿದ್ದರೂ ಅದರಲ್ಲಿ ಸಾವಯವ ಅಂಶ ಕಡಿಮೆ, ಜಿಗುಟು ಹೆಚ್ಚು. ಅಲ್ಲಿನ ರೈತನ ಹಳೆಯ ಮನೆಯನ್ನು ಖಾತಾ ಎನ್ನುತ್ತಾರೆ. ಮಣ್ಣು ಮೆತ್ತಿದ ಗೋಡೆ, ಮೇಲೆ ಸುಣ್ಣ, ಹುಲ್ಲಿನ ಹೊದಿಕೆ. ಒಳಗೆ ಒಂದು ಭಾರಿ ಒಲೆ. ಅದರ ಮೇಲೆ ಅಡಿಗೆಯೂ ಆಗುತ್ತದೆ, ಚಳಿಗಾಲದಲ್ಲಿ ಅದರ ಮೇಲೇ ಮಲಗುತ್ತಾರೆ. ಕೀವ್ ನಗರದ ದಕ್ಷಿಣ ಅಂಚಿನಲ್ಲಿ ಪಿರೋಹಿವ್ ಎಂಬಲ್ಲಿ ಸುಮಾರು 150 ಹೆಕ್ಟೇರ್ ಜಾಗದಲ್ಲಿ ಇಂತಹ ಮನೆಗಳು, ಕಣಜಗಳು, ಗಾಳಿಗಿರಣಿಗಳನ್ನು ದೇಶದ ಬೇರೆ ಬೇರೆ ಭಾಗಗಳಿಂದ ತಂದು ನಿಲ್ಲಿಸಿದ್ದಾರೆ. 1969ರಲ್ಲಿ ಸ್ಥಾಪನೆಯಾಗಿ 1976ರಲ್ಲಿ ಜನರಿಗೆ ತೆರೆಯಿತು. 2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾದಾಗ ಕೀವ್ ಸಮೀಪದ ಇವಾನ್ಕಿವ್ ಎಂಬ ಊರಿನ ಸಣ್ಣ ಸಂಗ್ರಹಾಲಯಕ್ಕೆ ಬೆಂಕಿ ಬಿತ್ತು. ಹಳ್ಳಿಯ ಚಿತ್ರಕಾರ್ತಿ ಮರಿಯಾ ಪ್ರಿಮಾಚೆಂಕೊ ಬರೆದ ಚಿತ್ರಗಳು ಅಲ್ಲಿದ್ದವು. ಊರವರೇ ಉರಿಯುವ ಕಟ್ಟಡದೊಳಗಿಂದ ಕೆಲವನ್ನು ಹೊರತಂದರು. ಜೀವಕ್ಕಿಂತ ಹೆಚ್ಚಿನದೇನೂ ಅಲ್ಲಿರಲಿಲ್ಲ ಎಂದು ನಾವು ಹೇಳಬಹುದು. ಅವರು ಹಾಗೆ ಎಣಿಸಲಿಲ್ಲ.

ನಮ್ಮ ಹೆದ್ದಾರಿಯ ಎರಡು ತುದಿಗಳಲ್ಲಿ

ಖಾನಾಪುರದ ರೈತರು ಅಷ್ಟು ದೂರ ಹೋಗಬೇಕಾಗಿಲ್ಲ. ಬೆಳಗಾವಿಯ ಮೇಲೆ ಹಾಯ್ದು ಹೋಗುವ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ, ಕೊಲ್ಹಾಪುರ ಮುಟ್ಟುವ ಮುಂಚೆಯೇ ಕಣೇರಿ ಸಿಗುತ್ತದೆ. ಅಲ್ಲಿನ ಸಿದ್ಧಗಿರಿ ಮಠದವರು ಸುಮಾರು ಏಳು ಎಕರೆಯಲ್ಲಿ ಹಳೆಯ ಗ್ರಾಮಜೀವನವನ್ನು ಸಿಮೆಂಟಿನ ಆಳೆತ್ತರದ ಬೊಂಬೆಗಳಲ್ಲಿ ಮಾಡಿಸಿದ್ದಾರೆ. ಹೊಲ ಊಳುವವನು, ಬಿತ್ತುವವಳು, ಕಮ್ಮಾರ, ಬಡಿಗ, ಕುಂಬಾರ, ನೇಕಾರ, ಹೀಗೆ ಹನ್ನೆರಡು ಬಲೂತೆದಾರರೂ ತಮ್ಮ ತಮ್ಮ ಕಸುಬಿನಲ್ಲಿ ತೊಡಗಿದ್ದಾರೆ. ಬೆಳಗಾವಿ ಜಿಲ್ಲೆಯ ಶಾಲೆಗಳ ಪ್ರವಾಸದ ಬಸ್ಸುಗಳು ಅಲ್ಲಿಗೆ ಹೋಗುವುದುಂಟು.

ಅದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹುಬ್ಬಳ್ಳಿ ದಾಟಿ ಹೋದರೆ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿ. 2020ರಲ್ಲಿ ತೀರಿಕೊಂಡ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರ ಕಲ್ಪನೆಯ ಉತ್ಸವ ರಾಕ್ ಗಾರ್ಡನ್ ಅಲ್ಲಿದೆ. ಉತ್ತರ ಕರ್ನಾಟಕದ ಹಳ್ಳಿಯ ಓಣಿ, ಗೌಡರ ಮನೆ, ದನಕರು, ಕುರಿಗಾರರು ಎಲ್ಲ ಅಲ್ಲಿ ಮೂರ್ತಿಗಳಾಗಿ ನಿಂತಿವೆ. ಸೊಲಬಕ್ಕನವರ ದೊಡ್ಡಾಟ ಬಲ್ಲವರು. ಮುಖದ ಭಾವ, ಕೈಯ ಎತ್ತುಗೆ ಎಲ್ಲದರಲ್ಲೂ ಆ ಪಳಗಿದ ಕಣ್ಣು ಕಾಣುತ್ತದೆ. 2011ರಲ್ಲಿ ಆರಂಭವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇದೇ ಗೊಟಗೋಡಿಯಲ್ಲಿದೆ.

ಈ ಎರಡೂ ಕಡೆ ಮಕ್ಕಳು ಹಿಗ್ಗುತ್ತಾರೆ. ಒಕ್ಕಲಿಗನ ಕಣ್ಣಿಗೆ ಮಾತ್ರ ಒಂದು ಕೊರತೆ ಕಾಣುತ್ತದೆ. ಸಿಮೆಂಟಿನ ಕೂರಿಗೆಯನ್ನು ಎತ್ತಿ ನೋಡಲಾಗದು. ತಾಳುಗಳ ನಡುವಿನ ಅಂತರ ಅಳೆದರೆ ಅದು ಶಿಲ್ಪಿಯ ಅಳತೆ, ಬಡಿಗನದಲ್ಲ. ಆ ದೃಷ್ಟಿಯಿಂದ ರಾಮನಗರದ ಬಳಿಯ ಜಾನಪದ ಲೋಕ ನಮಗೆ ಹೆಚ್ಚು ಹತ್ತಿರ. ಐ.ಎ.ಎಸ್. ಅಧಿಕಾರಿಯಾಗಿದ್ದ ಎಚ್. ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, 1994ರಲ್ಲಿ ಹದಿನೈದು ಎಕರೆಯಲ್ಲಿ ಜಾನಪದ ಲೋಕವನ್ನು ತೆರೆದರು. ಅಲ್ಲಿ ಇರುವುದು ಬಳಸಿದ ಸಾಮಾನು. ಲೋಕಮಾತಾ ಮಂದಿರದಲ್ಲಿ ಒರಳು, ಮೊರ, ಮಡಕೆ, ಅಳತೆಯ ಪಾತ್ರೆಗಳು. ಆಯಗಾರರ ಮಾಳದಲ್ಲಿ ಕಸುಬುದಾರರ ಉಪಕರಣಗಳು. ಒನಕೆಯ ನಡು ಕೈಹಿಡಿತಕ್ಕೆ ಸವೆದಿರುವುದು ಅಲ್ಲಿ ಕಾಣುತ್ತದೆ. ಸಿಮೆಂಟಿಗೆ ಆ ಸವೆತ ಬರುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಹಳೆಯ ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲವೂ ಸಿಗುತ್ತಿತ್ತು ಎಂಬ ಭಾವನೆ ಇಂತಹ ಕಡೆ ನೋಡುಗರಿಗೆ ಸುಲಭವಾಗಿ ಬರುತ್ತದೆ. ಅದು ಅರ್ಧ ನಿಜ. ಕಣದಲ್ಲಿ ರಾಶಿಯಾದಾಗ ಆಯಗಾರರಿಗೆ ಆಯ ಅಳೆಯುತ್ತಿದ್ದರು, ಹೌದು. ಆದರೆ ಮಳೆ ಹೋದ ವರ್ಷ ಆಯವೂ ಇಲ್ಲ, ಕೂಲಿಯೂ ಇಲ್ಲ. ಸತ್ತ ದನ ಹೊರುತ್ತಿದ್ದವರು, ಮಿಣಿ ಬಾರುಕೋಲು ಮಾಡಿಕೊಡುತ್ತಿದ್ದವರು ಕಣದ ಹೊರಗೇ ನಿಂತು ಸೆರಗೊಡ್ಡಬೇಕಿತ್ತು. ಹೆಣ್ಣುಮಕ್ಕಳು ಬೆಳಗಿನ ಜಾವ ಕೋಳಿ ಕೂಗುವ ಮೊದಲೇ ಎದ್ದು ಬೀಸಬೇಕಿತ್ತು. ಬೀಸುವ ಕಲ್ಲನ್ನು ಇಡುವುದಾದರೆ, ಮನೆಯವರ ಒಂದು ದಿನದ ರೊಟ್ಟಿಗೆ ಎಷ್ಟು ಸೇರು ಜೋಳ, ಎಷ್ಟು ಹೊತ್ತು ಬೀಸಬೇಕಿತ್ತು ಎಂಬುದನ್ನು ಹಿರಿಯ ತಾಯಂದಿರಿಂದ ಕೇಳಿ ಅದರ ಪಕ್ಕ ಬರೆದಿಡಬೇಕು. ಆಗ ಕಲ್ಲು ಮಾತಾಡುತ್ತದೆ.

ಕೂರಿಗೆಯೊಳಗಿನ ವಿದ್ಯೆ

ಬೇಸಾಯ ವಿಜ್ಞಾನದ ದೃಷ್ಟಿಯಿಂದ ನಮ್ಮ ಮನೆಗಳಲ್ಲಿ ಇರುವ ಅತಿ ದೊಡ್ಡ ವಸ್ತು ಕೂರಿಗೆ. ಇಂಗ್ಲೆಂಡಿನಲ್ಲಿ ಜೆತ್ರೋ ಟಲ್ ಎಂಬವನು ಬಿತ್ತುವ ಯಂತ್ರ ಮಾಡಿದ್ದು 1701ರ ಸುಮಾರಿಗೆ. ದಕ್ಷಿಣ ಭಾರತದಲ್ಲಿದ್ದ ಕ್ಯಾಪ್ಟನ್ ಹಾಲ್ಕಾಟ್ ಎಂಬ ಇಂಗ್ಲಿಷ್ ಅಧಿಕಾರಿ, ಸಾಲು ಬಿತ್ತನೆ ಯುರೋಪಿನವರ ಹೊಸ ಕಂಡುಹಿಡಿಕೆ ಎಂದೇ ನಂಬಿದ್ದ. ಇಲ್ಲಿನ ರೈತರು ಅದನ್ನು ತಲೆತಲಾಂತರದಿಂದ ಬಳಸುತ್ತಿರುವುದನ್ನು ಕಂಡು ಬೆರಗಾಗಿ 1795ರಲ್ಲಿ ವರದಿ ಬರೆದು ಕಳಿಸಿದ.

ಕೂರಿಗೆಯ ಕೆಲಸ ನೋಡಲು ಸರಳ. ಮೇಲೆ ಮರದ ಬಟ್ಟಲು, ಬಟ್ಟಲಿನ ತಳದಲ್ಲಿ ತೂತುಗಳು, ಪ್ರತಿ ತೂತಿನಿಂದ ಒಂದೊಂದು ಬಿದಿರಿನ ಕೊಳವೆ, ಕೊಳವೆಯ ಕೊನೆ ತಾಳು ಸೀಳಿದ ಸಾಲಿನೊಳಗೆ. ಎತ್ತು ನಡೆದಂತೆ ಹಿಂದಿನವಳು ಉಡಿಯ ಬೀಜವನ್ನು ಮುಷ್ಟಿಯಿಂದ ಬಟ್ಟಲಿಗೆ ಬಿಡುತ್ತಾಳೆ. ಬೀಜ ಸಮನಾಗಿ ಹಂಚಿ ಹೋಗಿ, ಹಸಿ ಇರುವ ಆಳಕ್ಕೇ ಬೀಳುತ್ತದೆ. ಬಟ್ಟಲಿನ ಮಧ್ಯದ ಉಬ್ಬು, ತೂತಿನ ಓರೆ ಇವುಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಒಂದು ಸಾಲು ದಟ್ಟ, ಇನ್ನೊಂದು ತೆಳು. ಆ ಲೆಕ್ಕ ಬಡಿಗನ ಉಳಿಯಲ್ಲಿತ್ತು, ಯಾವ ಪುಸ್ತಕದಲ್ಲೂ ಇರಲಿಲ್ಲ. ಎಕರೆಗೆ ಇಷ್ಟು ಬೀಜ ಎಂಬ ಲೆಕ್ಕ ಬಿತ್ತುವವಳ ಮುಷ್ಟಿಯಲ್ಲಿತ್ತು. ಹೀಗಾಗಿ ಕೂರಿಗೆಯನ್ನು ಮಾತ್ರ ಇಟ್ಟರೆ ಅರ್ಧವನ್ನು ಇಟ್ಟಂತೆ. ಬಿತ್ತಿ ಗೊತ್ತಿರುವ ಅಜ್ಜಿ ಊರಲ್ಲಿದ್ದರೆ, ಅವರಿಂದ ಬರಿಗೈಯಲ್ಲಾದರೂ ನಾಲ್ಕು ಸಾಲು ಬಿತ್ತಿಸಿ ಮೊಬೈಲಿನಲ್ಲಿ ಚಿತ್ರೀಕರಿಸಿ ಇಡಬೇಕು. ಇದಕ್ಕೆ ಖರ್ಚಿಲ್ಲ, ತಡಮಾಡಲು ಮಾತ್ರ ಆಗದು.

ಕೂರಿಗೆಗೆ ಜೋಡಿ ಎಡೆಕುಂಟೆ. ಸಾಲಿನ ಅಂತರಕ್ಕೆ ಸರಿಯಾಗಿ ಎಡೆಕುಂಟೆಯ ಕುಡದ ಅಗಲ. ಜೋಳದ ಕೂರಿಗೆ ಬೇರೆ, ಭತ್ತದ ಕೂರಿಗೆ ಬೇರೆ; ಅದರಂತೆ ಎಡೆಕುಂಟೆಯೂ ಬೇರೆ. ಜೋಡಿ ತಪ್ಪಿಸಿ ಇಟ್ಟರೆ ಮುಂದೆ ನೋಡುವವನಿಗೆ ಏನೂ ತಿಳಿಯುವುದಿಲ್ಲ. ಅಕ್ಕಡಿ ಬಿತ್ತಲು ಹಗ್ಗ ಕಟ್ಟಿ ಹಿಂದೆ ಎಳೆಯುವ ಒಂಟಿ ಶೆಡ್ಡೆಯನ್ನೂ ಹುಡುಕಿ. ಅದು ಸಣ್ಣದಾದ್ದರಿಂದ ಮೊದಲು ಕಳೆದುಹೋಗುವುದು ಅದೇ.

ಬೆಳಗಾವಿ, ಧಾರವಾಡ ಮತ್ತು ಉತ್ತರ ಕನ್ನಡದ ಅರೆಮಲೆನಾಡಿನಲ್ಲಿ ಭತ್ತವನ್ನು ಸಸಿ ನಾಟಿ ಮಾಡದೆ, ಮುಂಗಾರಿನ ಮೊದಲ ಹದಕ್ಕೆ ಕೂರಿಗೆಯಿಂದ ಬಿತ್ತುವ ಪದ್ಧತಿ ಇದೆ. ದೇಶದ ಹೆಚ್ಚಿನ ಭತ್ತದ ನಾಡುಗಳಲ್ಲಿ ಇದು ಅಪರೂಪ. ಧಾರವಾಡ ತಾಲ್ಲೂಕಿನ ಮುಗದದ ಸಂಶೋಧನಾ ಕೇಂದ್ರ ಈ ಕೂರಿಗೆ ಭತ್ತದ ಮೇಲೆ ಬಹುಕಾಲದಿಂದ ಕೆಲಸ ಮಾಡುತ್ತಿದೆ. ನೀರು, ಆಳು ಎರಡೂ ಕಡಿಮೆ ಬೇಡುವ ನೇರ ಬಿತ್ತನೆಯನ್ನು ಈಗ ಎಲ್ಲೆಡೆ ಹೊಸದಾಗಿ ಶಿಫಾರಸು ಮಾಡುತ್ತಿರುವಾಗ, ಪಾರಿಶ್ವಾಡದ ಕಡೆಯ ಅಟ್ಟಗಳ ಮೇಲಿನ ಕೂರಿಗೆ ಬರೀ ಹಳೆಯ ಕಟ್ಟಿಗೆಯಲ್ಲ. ಅದರ ಅಳತೆಗಳು ಇಂದಿಗೂ ಕೆಲಸಕ್ಕೆ ಬರುವ ಅಳತೆಗಳು.

ಕಾಳು ಇಡುವ ಬಗೆ, ಮಳೆಯ ಲೆಕ್ಕ

ಊರಿಂದ ಊರಿಗೆ ಸಾಮಾನು ಏಕೆ ಬೇರೆಯಾಗುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಹಗೇವು ಮತ್ತು ಕಣಜ. ಬಯಲುಸೀಮೆಯಲ್ಲಿ ಜೋಳವನ್ನು ಹಗೇವಿನಲ್ಲಿ ಹಾಕಿ ಬಾಯಿ ಮುಚ್ಚುತ್ತಿದ್ದರು. ಒಳಗಿನ ಕಾಳೇ ಉಸಿರಾಡಿ ಗಾಳಿಯ ಆಮ್ಲಜನಕ ಮುಗಿಸಿ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳು ಸಾಯುತ್ತದೆ, ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಸಿ ನೋಡಿ, ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. (ಹಳೆಯ ಹಗೇವು ಸಿಕ್ಕರೆ ಮಕ್ಕಳು ಇಳಿಯದಂತೆ ಮೊದಲು ಬಾಯಿ ಭದ್ರಪಡಿಸಿ.) ಖಾನಾಪುರ ತಾಲ್ಲೂಕು ಗುಡ್ಡಗಾಡು ವಲಯಕ್ಕೆ ಸೇರಿದ್ದು. ಪಶ್ಚಿಮಕ್ಕೆ ಹೋದಂತೆ ಮಳೆ ವಿಪರೀತ, ಮಳೆಗಾಲದಲ್ಲಿ ನೆಲದೊಳಗೇ ನೀರು ಜಿನುಗುತ್ತದೆ. ಅಲ್ಲಿ ಹಗೇವು ತೋಡಿದರೆ ಕಾಳು ಮೊಳೆಯುತ್ತದೆ, ಇಲ್ಲವೇ ಕೊಳೆಯುತ್ತದೆ. ಅಲ್ಲಿಗೆ ಹೊಂದುವುದು ಬಿದಿರು ಹೆಣೆದು, ಸಗಣಿ ಮಣ್ಣು ಸಾರಿಸಿದ ಕಣಜ; ನೆಲದಿಂದ ಎತ್ತರಿಸಿ, ಒಲೆಯ ಹೊಗೆ ತಾಗುವ ಕಡೆ ಇಟ್ಟರೆ ಹುಳು ಹತ್ತಿರ ಸುಳಿಯದು. ಹಾಗೆಯೇ ಮಾಳಿಗೆ ಮನೆ ಬಯಲುಸೀಮೆಗೆ, ಇಳಿಜಾರಿನ ಹಂಚಿನ ಮನೆ ಮಳೆಸೀಮೆಗೆ. ಖಾನಾಪುರದ ಮಣ್ಣು ಹಂಚಿಗೂ ಗಡಿಗೆಗೂ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಅಲ್ಲಿ ಇರುವುದಕ್ಕೆ ಕಾರಣ ಆ ಮಣ್ಣೇ. ಸಂಗ್ರಹ ಮಾಡುವಾಗ ಬೇರೆ ಸೀಮೆಯ ಸಾಮಾನು ತಂದು ತುಂಬಬಾರದು ಎನ್ನುವುದು ಇದಕ್ಕಾಗಿ.

ನಿಮ್ಮ ಊರಿನಲ್ಲಿ ಮಾಡುವುದು ಹೇಗೆ

ಏಳು ಎಕರೆ ಬೇಡ. ವಾಸವಿಲ್ಲದ ಒಂದು ಹಳೆಯ ಮನೆ, ಅಥವಾ ಶಾಲೆಯ ಬಳಕೆಯಿಲ್ಲದ ಕೋಣೆ ಸಾಕು. ಹಳೆಯ ಮನೆ ಸಿಕ್ಕರೆ ಹೆಚ್ಚಿನದು. ದನ ಕಟ್ಟುವ ಕಡೆ ಗ್ವಾದಲಿ, ಪಡಸಾಲೆಯಲ್ಲಿ ಕೂರಿಗೆ ಕುಂಟೆ, ಅಡಿಗೆ ಮನೆಯಲ್ಲಿ ಒರಳು ನೆಲುವು, ಹೀಗೆ ಪ್ರತಿ ವಸ್ತುವೂ ತನ್ನ ಜಾಗದಲ್ಲಿ ಇರುತ್ತದೆ, ಫಲಕದ ಅರ್ಧ ಕೆಲಸ ಮನೆಯೇ ಮಾಡುತ್ತದೆ. ಮನೆಯನ್ನು ಯಾರ ಹೆಸರಿನಲ್ಲಿ ಇಡುವುದು, ಸೂರು ಕೈಯಾಡಿಸುವ ಖರ್ಚು ಯಾರದು ಎಂಬುದನ್ನು ಪಂಚಾಯತಿಯಲ್ಲಿ ಮೊದಲೇ ಬರೆದು ಗೊತ್ತುಮಾಡಿಕೊಳ್ಳಿ. ಇಂತಹ ಕೆಲಸಗಳು ನಿಲ್ಲುವುದು ಸಾಮಾನು ಸಿಗದೆ ಅಲ್ಲ, ಎರಡನೆಯ ಮಳೆಗಾಲಕ್ಕೆ ಹಂಚು ತಿರುವುವವರಿಲ್ಲದೆ.

ಸಾಮಾನು ಕೊಟ್ಟವರ ಹೆಸರಿನ ವಹಿ ಇರಲಿ. ಕೊಡಲು ಮನಸ್ಸಿಲ್ಲದವರಿಂದ ಒತ್ತಾಯ ಮಾಡಬೇಡಿ. ಅಳತೆ, ಚಿತ್ರ ತೆಗೆದುಕೊಂಡು ಅವರ ಮನೆಯಲ್ಲೇ ಬಿಡಿ. ಪ್ರತಿ ವಸ್ತುವಿಗೂ ಚೀಟಿ ಬರೆಯುವಾಗ ಪುಸ್ತಕದ ಹೆಸರಲ್ಲ, ಊರವರು ಕರೆಯುವ ಹೆಸರು ಬೇಕು. ನಮ್ಮಲ್ಲಿ ಕನ್ನಡ ಮರಾಠಿ ಎರಡೂ ಮನೆಮಾತು. ಕುಂಟೆಗೆ ಕುಳವ, ಮೊರಕ್ಕೆ ಸೂಪ, ಕಣಕ್ಕೆ ಖಳೆ, ಮಳೆಯಲ್ಲಿ ಹೊದೆಯುವ ಗೊರಬಿಗೆ ಇರಲೆ; ಎರಡು ಹೆಸರನ್ನೂ ಬರೆಯಿರಿ. ಬಡಿಗನ ಉಳಿ ಎರಡು ಭಾಷೆಯ ಒಕ್ಕಲಿಗನಿಗೂ ಒಂದೇ ಕೂರಿಗೆ ಮಾಡಿಕೊಟ್ಟಿತು. ಯಾವ ಮರ (ಜಾಲಿಯೋ, ಮತ್ತಿಯೋ, ತೇಗವೋ), ಯಾವ ಬೆಳೆಗೆ, ತಾಳಿನಿಂದ ತಾಳಿಗೆ ಎಷ್ಟು ಅಂಗುಲ, ಕೊನೆಯ ಸಲ ಹೊಲಕ್ಕೆ ಹೋದದ್ದು ಯಾವ ವರ್ಷ, ಇಷ್ಟು ಇದ್ದರೆ ಮುಂದೆ ಸಂಶೋಧನೆ ಮಾಡುವವನಿಗೆ ಒಂದು ಚೀಟಿಯೇ ಸಾಕು.

ಮರದ ಸಾಮಾನಿಗೆ ಬಣ್ಣ ಹಚ್ಚಬೇಡಿ. ಬಣ್ಣದ ಕೆಳಗೆ ಕುಟ್ಟೆ ಹುಳು ತಿನ್ನುವುದು ಕಾಣುವುದಿಲ್ಲ, ಕೈಹಿಡಿತದ ಗುರುತೂ ಮುಚ್ಚಿಹೋಗುತ್ತದೆ. ಒಣ ಬಟ್ಟೆಯಿಂದ ಒರೆಸಿ, ಬಿಸಿಲಲ್ಲಿ ಒಣಗಿಸಿ, ಕಾಯಿಸಿದ ಅಗಸೆ ಎಣ್ಣೆಯನ್ನೋ ಬೇವಿನ ಎಣ್ಣೆಯನ್ನೋ ತೆಳುವಾಗಿ ಸವರಿದರೆ ಸಾಕು. ಕೆಳಗೆ ಹೊಸ ಹಿಟ್ಟು ಉದುರುತ್ತಿದ್ದರೆ ಹುಳು ಜೀವಂತ ಇದೆ ಎಂದರ್ಥ; ಬಯಲಿನಲ್ಲಿ, ಬೆಂಕಿಯಿಂದ ದೂರ ಇಟ್ಟು ಆ ತೂತುಗಳಿಗೆ ಟರ್ಪೆಂಟೈನ್ ಹನಿಸಿ. ಗೆದ್ದಲಿಗೆ ಮದ್ದಿಗಿಂತ ಕಲ್ಲು ಒಳ್ಳೆಯದು: ಯಾವ ಮರವೂ ನೆಲಕ್ಕೆ, ಗೋಡೆಗೆ ತಾಗಬಾರದು. ಕಬ್ಬಿಣದ ಕುಡದ ತುಕ್ಕನ್ನು ತಂತಿಯ ಬ್ರಷ್‌ನಿಂದ ತೆಗೆದು ಗ್ರೀಸ್ ಹಚ್ಚಬೇಕು. ಚರ್ಮದ ಸಾಮಾನಿಗೆ ಹರಳೆಣ್ಣೆ.

ಬೀಜವನ್ನು ಗೋಡೆಗೆ ತೂಗಲಾಗದು

ಎಲ್ಲ ಸಂಗ್ರಹಾಲಯಗಳಲ್ಲೂ ಗಾಜಿನ ಶೀಸೆಯಲ್ಲಿ ಕಾಳು ಇಟ್ಟಿರುತ್ತಾರೆ. ನೋಡಲು ಚೆಂದ, ಆದರೆ ಎರಡು ಮೂರು ವರ್ಷದಲ್ಲಿ ಅದು ಸತ್ತ ಕಾಳು. ಮನೆಯ ಹವೆಯಲ್ಲಿ ಭತ್ತದ ಬೀಜ ಒಂದು ವರ್ಷ ದಾಟಿದರೆ ಮೊಳಕೆಯೊಡೆಯುವ ಶಕ್ತಿ ಬೇಗ ಇಳಿಯುತ್ತದೆ. ಖಾನಾಪುರ ಸೀಮೆಯಲ್ಲಿ ಹೆಸರಾದ ಇಂಟಾನ್, ಬೆಳಗಾವಿ ಬಾಸುಮತಿ, ಅಂಬೆಮೊಹರ ಇವೆಲ್ಲ ಉಳಿಯಬೇಕಾದರೆ ಹೊಲದಲ್ಲೇ ಉಳಿಯಬೇಕು. ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ರೈತ ಸೈಯದ್ ಘನಿಖಾನ್ ಈ ದಾರಿ ತೋರಿಸಿದ್ದಾರೆ. ಏಳುನೂರಕ್ಕೂ ಹೆಚ್ಚು ಬಗೆಯ ಭತ್ತವನ್ನು ಕೂಡಿಸಿ, ತಮ್ಮ ಹೊಲದಲ್ಲೇ ಬೆಳೆದು ಉಳಿಸುತ್ತ ಬಂದವರು ಅವರು. ಅವರ ಮನೆಯ ಭತ್ತದ ಸಂಗ್ರಹಾಲಯದ ಹಿಂದೆ ಗದ್ದೆ ಇದೆ, ಅದರಿಂದಲೇ ಅದು ಜೀವಂತ.

ನಿಮ್ಮ ಸಂಗ್ರಹದ ಮನೆಗೆ ಹೊಂದಿ ಒಂದೊಂದು ಗುಂಟೆಯ ಮಡಿಗಳು ಎರಡು ಮೂರು ಇರಲಿ. ಕೂರಿಗೆ ಬಿತ್ತನೆಗೆ ಗುಂಟೆಗೆ ಸುಮಾರು ಮುಕ್ಕಾಲು ಕಿಲೋ ಬೀಜ ಸಾಕು. ಒಂದು ತಳಿಯಿಂದ ಇನ್ನೊಂದಕ್ಕೆ ಮೂರು ಮೀಟರ್ ಅಂತರ ಬಿಡಿ. ಹೂ ಬಿಡುವಾಗ ಮತ್ತು ತೆನೆ ಮಾಗುವಾಗ ಎರಡು ಸಲ ಅಡ್ಡಾಡಿ, ಎತ್ತರ ಬಣ್ಣಗಳಲ್ಲಿ ಬೇರೆಯಾಗಿ ಕಾಣುವ ಗಿಡಗಳನ್ನು ಕಿತ್ತುಹಾಕಿ. ನಡುವಿನ ಒಳ್ಳೆಯ ತೆನೆಗಳನ್ನು ಆರಿಸಿ, ಚೆನ್ನಾಗಿ ಒಣಗಿಸಿ, ಶೇಕಡಾ 12ರಷ್ಟು ತೇವಾಂಶಕ್ಕೆ ಬಂದ ಮೇಲೆ ಬೂದಿ ಹಾಕಿ ಗಾಳಿಯಾಡದ ಡಬ್ಬಿಯಲ್ಲಿ ತುಂಬಿ. ಬಿತ್ತುವ ಮೊದಲು ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಿ. 80 ಮೊಳೆತರೆ ಬೀಜ ಸರಿಯಿದೆ.

ಇದರಲ್ಲಿ ಕಾಯಿದೆಯ ಅನುಕೂಲವೂ ಇದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಂತೆ ರೈತರು ಉಳಿಸಿಕೊಂಡು ಬಂದ ತಳಿಯನ್ನು ರೈತರ ತಳಿ ಎಂದು ನೋಂದಾಯಿಸಬಹುದು. 2002ರ ಜೀವವೈವಿಧ್ಯ ಕಾಯಿದೆಯಂತೆ ಗ್ರಾಮ ಪಂಚಾಯತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಅನೇಕ ಕಡೆ ಆ ವಹಿ ಕಪಾಟಿನಲ್ಲೇ ಇರುತ್ತದೆ. ನಿಮ್ಮ ಪಂಚಾಯತಿಯ ವಹಿಯನ್ನು ಕೇಳಿ ನೋಡಿ, ನಿಮ್ಮ ಮಡಿಯ ತಳಿಗಳು ಅದರಲ್ಲಿ ಇಲ್ಲದಿದ್ದರೆ ಬರೆಸಿ.

ಕೆಲಸ ಹೂಡಲು ರಾಶಿ ಮುಗಿದ ಮೇಲಿನ ಬೇಸಿಗೆಯೇ ತಕ್ಕ ಕಾಲ. ಅಟ್ಟ ಒಣಗಿರುತ್ತದೆ, ಹಿರಿಯರಿಗೆ ಬಿಡುವಿರುತ್ತದೆ, ಊರು ಬಿಟ್ಟ ಮಕ್ಕಳು ರಜೆಗೆ ಬಂದಿರುತ್ತಾರೆ. ಅಳತೆ, ಚೀಟಿ ಬರೆಯುವ ಕೆಲಸ ಅವರಿಗೇ ಒಪ್ಪಿಸಿ. ಎಣ್ಣೆ ಸವರುವುದನ್ನು ಪ್ರತಿ ವರ್ಷ ಕಾರಹುಣ್ಣಿಮೆಗೆ ಇಟ್ಟುಕೊಂಡರೆ ಮರೆಯುವುದಿಲ್ಲ. ಅದಕ್ಕೂ ಮುಂಚೆ, ಮೊದಲ ಹದ ಬಿದ್ದ ದಿನ, ಒಂದು ಕೂರಿಗೆಯನ್ನು ಕೆಳಗಿಳಿಸಿ ಆ ಗುಂಟೆಯ ಮಡಿಯನ್ನು ಅದರಿಂದಲೇ ಬಿತ್ತಬೇಕು.